ಗರಾಜಿನಲ್ಲಿ ಹುಟ್ಟಿದ ಕಾರಿಗೊಂದು ನಂಬರ್ ಪ್ಲೇಟ್

ಮೊದಲ ಸಲ ನಾನು ಆ ಕಾರನ್ನು ನೋಡಿದಾಗ ಅದರೊಳಗೆ ಸೀಟುಗಳಿರಲಿಲ್ಲ. ಅಂಕಲ್ ಪೇಂಟಿನ ಡಬ್ಬವೊಂದನ್ನು ಬೋರಲು ಹಾಕಿ ಅದರ ಮೇಲೆ ಕೂತು, ಸ್ಟೀರಿಂಗ್ ಹಿಡಿದು, ಗೇರು ಬದಲಿಸುತ್ತ, ಈ ಕಾರು ರಸ್ತೆಯ ಮೇಲೆ ಹೇಗೆ ಓಡಲಿದೆ ಎಂದು ನನಗೆ ತೋರಿಸುತ್ತಿದ್ದರು. ಮಾರ್ಚ್ ತಿಂಗಳ ಚಳಿ. ನ್ಯೂಜೆರ್ಸಿಯ ವೆಸ್ಟ್ ವಿಂಡ್ಸರ್‌ನ ಆ ಮನೆಯ ಗರಾಜಿನ ಬಾಗಿಲು ಅರ್ಧ ತೆರೆದಿತ್ತು. ಒಳಬಾಗಿಲಲ್ಲಿ ಟೀ ಲೋಟ ಹಿಡಿದು ನಿಂತಿದ್ದ ಆಂಟಿ, ನಿವೃತ್ತರಾದಾಗಿನಿಂದ ಇವರು ದಿನಾ ಬೆಳಿಗ್ಗೆ ಹೀಗೇ ಕೂತು ಫ್ಲೋರಿಡಾಕ್ಕೆ ಹೋಗಿ ಊಟದ ಹೊತ್ತಿಗೆ ವಾಪಸ್ ಬರುತ್ತಾರೆ ಎಂದು ನನಗೆ ತಿಳಿಸಿದರು.

ನಾನು ಹಿಲ್ಸ್‌ಬರೋದಲ್ಲಿ ಸಣ್ಣದೊಂದು ವರ್ಕ್‌ಶಾಪ್ ನಡೆಸುತ್ತೇನೆ. ರಸ್ತೆಗಿಳಿಯಲು ಸರ್ಕಾರದ ಒಪ್ಪಿಗೆ ಬೇಕಿರುವ ವಿಚಿತ್ರ ವಾಹನಗಳವರೇ ನನ್ನ ಗಿರಾಕಿಗಳು: ದೋಸೆ ಮಾರುವ ಫುಡ್ ಟ್ರಕ್ಕಿನವರು, ಕುದುರೆ ಸಾಗಿಸುವ ಟ್ರೇಲರಿನವರು, ಯುರೋಪಿನಿಂದ ಹಳೇ ಸ್ಕೂಟರ್ ತರಿಸಿಕೊಂಡು ಪೇಚಿಗೆ ಸಿಕ್ಕವರು. ಬ್ರೇಕು, ದೀಪ, ತೂಕ ಸರಿ ಮಾಡಿ, ಕಾಗದಪತ್ರ ಜೋಡಿಸಿ, ವಾಹನವನ್ನು ಇನ್‌ಸ್ಪೆಕ್ಷನ್‌ಗೆ ಕರೆದೊಯ್ಯುವುದು ನನ್ನ ಕೆಲಸ. ಆದರೆ ಮನೆಯಲ್ಲೇ ಬೋಲ್ಟ್ ಬೋಲ್ಟ್ ಸೇರಿಸಿ ಕಟ್ಟಿದ ಕಾರು ಅದುವರೆಗೆ ನನ್ನ ಬಳಿ ಬಂದಿರಲಿಲ್ಲ. ಕಳೆದುಹೋದ ಕಾಗದಗಳನ್ನು ಮತ್ತೆ ಮಾಡಿಸುವುದು ಬೇರೆ. ಈ ಕಾರು ಹುಟ್ಟಿರುವುದೇ ಸರ್ಕಾರಕ್ಕೆ ಗೊತ್ತಿರಲಿಲ್ಲ.

ನಾನು ಅಂಕಲ್, ಆಂಟಿ ಎಂದು ಕರೆಯುವ ಇವರಿಬ್ಬರು ನನಗೆ ಬಂಧುಗಳಲ್ಲ, ಗಿರಾಕಿಗಳು. ಅಂಕಲ್ ಕುಂದಾಪುರದ ಕಡೆಯವರು. ಹೋಬೋಕನ್ನಿಂದ ನದಿ ದಾಟಿ ಮ್ಯಾನ್‌ಹ್ಯಾಟನ್‌ಗೆ ಹೋಗಿಬರುವ ಫೆರ್ರಿ ಹಡಗುಗಳ ಎಂಜಿನ್ ರೂಮಿನಲ್ಲಿ ದುಡಿದವರು. ಆಂಟಿ ಮೈಸೂರಿನವರು, ಆಸ್ಪತ್ರೆಯ ಲ್ಯಾಬೊಂದರಲ್ಲಿ ಕೆಲಸ ಮಾಡಿ ನಿವೃತ್ತರಾದವರು. ಕಾರಿನ ಚೌಕಟ್ಟು, ಫೈಬರ್‌ಗ್ಲಾಸಿನ ಮೈ, ಸಸ್ಪೆನ್ಷನ್ ಇವೆಲ್ಲ, ಮನೆಯಲ್ಲೇ ಜೋಡಿಸಿಕೊಳ್ಳುವ ಕಾರಿನ ಭಾಗಗಳನ್ನು ಮಾರುವ ಕಿಟ್ ಕಂಪನಿಯೊಂದರಿಂದ ಪೆಟ್ಟಿಗೆಗಳಲ್ಲಿ ಬಂದಿದ್ದವು. ಎಂಜಿನ್ ಮಾತ್ರ ಕೊಂಡವರೇ ಹುಡುಕಿಕೊಳ್ಳಬೇಕು. ಈ ಕಿಟ್ಟಿಗೆ ಹೊಂದುವುದು ಸಾಧಾರಣ ಜಪಾನಿ ಸೆಡಾನ್ ಒಂದರ ಎಂಜಿನ್ನು ಮತ್ತು ಗೇರ್‌ಬಾಕ್ಸು; ಅಲ್ಲಿ ಮುಂದುಗಡೆ ಇರುವುದನ್ನು ಇಲ್ಲಿ ಸೀಟುಗಳ ಬೆನ್ನಿಗೆ ಕೂರಿಸುತ್ತಾರೆ. ಆಂಟಿ ಓಡಿಸುತ್ತಿದ್ದದ್ದೂ ಅದೇ ಸೆಡಾನನ್ನು, ಅದೂ ಕೈಯಲ್ಲಿ ಗೇರ್ ಹಾಕುವಂಥದ್ದನ್ನು. ವರ್ಷಗಟ್ಟಲೆ ಅದರ ರಿಪೇರಿ ಮಾಡಿ ಆ ಎಂಜಿನ್ನಿನ ಒಳಹೊರಗೆಲ್ಲ ಗೊತ್ತಿದ್ದದ್ದರಿಂದಲೇ ಅಂಕಲ್ ಈ ಕಿಟ್ ಆರಿಸಿಕೊಂಡಿದ್ದರು. ಎಂಜಿನ್ನನ್ನು ಉತ್ತರ ಜೆರ್ಸಿಯ ಒಂದು ಗುಜರಿಯಿಂದ ತಂದು, ಬಿಚ್ಚಿ, ತೊಳೆದು, ಹೊಸದರಂತೆ ಮಾಡಿ ಕೂರಿಸಿದ್ದರು.

ಅವಸರಕ್ಕೆ ಕಾರಣವಿತ್ತು. ಮನೆ ಮಾರಾಟಕ್ಕೆ ಮಾತಾಗಿತ್ತು. ಬೇಸಿಗೆಯ ಕೊನೆಗೆ ಇಬ್ಬರೂ ಐವತ್ತೈದು ದಾಟಿದವರಿಗೆಂದೇ ಕಟ್ಟಿದ ಕಮ್ಯುನಿಟಿಯೊಂದಕ್ಕೆ ಹೋಗುವವರಿದ್ದರು. ಅಲ್ಲಿನ ನಿಯಮದ ಪ್ರಕಾರ ನೋಂದಣಿಯಾಗದ ವಾಹನ ಗೇಟಿನೊಳಗೆ ಬರುವಂತಿಲ್ಲ. ಅಷ್ಟರೊಳಗೆ ಪ್ಲೇಟ್ ಸಿಗದಿದ್ದರೆ ಕಾರನ್ನು ಬಿಡಿಭಾಗಗಳಾಗಿ ಮಾರಿಬಿಡುವುದೆಂದು ಗಂಡ ಹೆಂಡತಿ ಒಪ್ಪಂದ ಮಾಡಿಕೊಂಡಿದ್ದರು. ಬೇಕಾದರೆ ಸ್ವಲ್ಪ ದಿನ ನನ್ನ ಶೆಡ್ಡಿನಲ್ಲಿ ಇಟ್ಟುಕೊಳ್ಳುತ್ತೇನೆ ಎಂದು ನಾನು ಹೇಳಿ ನೋಡಿದೆ. ಅಂಕಲ್ ಒಪ್ಪಲಿಲ್ಲ. ಬೇರೆಯವರ ಶೆಡ್ಡಿನಲ್ಲಿರುವ ಕಾರನ್ನು ನೋಡಲು ಇನ್ನೊಂದು ಕಾರು ಹತ್ತಿ ಹೋಗಬೇಕಾದರೆ ಅದು ತನ್ನ ಕಾರು ಹೇಗಾಗುತ್ತದೆ ಎಂದರು.

ಕೆಲಸ ಅಳತೆಯಿಂದ ಶುರುವಾಯಿತು. ಹೆಡ್‌ಲೈಟು ನೆಲದಿಂದ ಎಷ್ಟು ಎತ್ತರದಲ್ಲಿದೆ, ಚಕ್ರವನ್ನು ಮಡ್‌ಗಾರ್ಡ್ ಪೂರ್ತಿ ಮುಚ್ಚುತ್ತದೆಯೇ, ಮುಂದಿನ ಗಾಜಿನ ಮೂಲೆಯಲ್ಲಿ ಸುರಕ್ಷತೆಯ ಗುರುತಿದೆಯೇ, ಸೀಟ್‌ಬೆಲ್ಟಿನ ಬೋಲ್ಟು ಚೌಕಟ್ಟಿನ ಉಕ್ಕಿಗೇ ಬಿದ್ದಿದೆಯೇ ಅಥವಾ ಬರೀ ತಗಡಿಗೋ. ಅಂಕಲ್ ಕೈಕೆಲಸ ನೋಡಿ ನನಗೆ ಖುಷಿಯಾಯಿತು. ಸಸ್ಪೆನ್ಷನ್ನಿನ ಒಂದೊಂದು ಬೋಲ್ಟಿಗೂ, ಹಡಗಿನಲ್ಲಿ ಮಾಡುವ ಹಾಗೆ, ಸಡಿಲವಾಗದಂತೆ ತಂತಿ ಬಿಗಿದಿದ್ದರು. ಕೊಳವೆಗಳಿಗೆ ಬಣ್ಣದ ಪಟ್ಟಿ ಸುತ್ತಿ ಯಾವುದು ನೀರು, ಯಾವುದು ಪೆಟ್ರೋಲ್ ಎಂದು ಗುರುತಿಸಿದ್ದರು. ಹೆಡ್‌ಲೈಟುಗಳು ಮಾತ್ರ ಕಾರಿನ ಅಂದಕ್ಕೆಂದು ತೀರ ಕೆಳಗೆ ಕೂತಿದ್ದವು. ಅವನ್ನು ಎತ್ತರಿಸಲು ಮುಂಭಾಗವನ್ನು ಕತ್ತರಿಸಬೇಕೆಂದಾಗ ಅಂಕಲ್ ಹೊರಗೆ ಹೋಗಿ ಹುಲ್ಲಿನ ಮೇಲೆ ಒಂದು ಸುತ್ತು ಹಾಕಿ ಬಂದರು. ಆಮೇಲೆ ತಾವೇ ಗರಗಸ ಹಿಡಿದರು.

ಸೀಟುಗಳು ಕೂತ ಮೇಲೆ ತೂಕದ ಚೀಟಿಯೂ ಬೇಕಿತ್ತು. ಕಾರನ್ನು ಟ್ರೇಲರಿಗೆ ಕಟ್ಟಿಕೊಂಡು ಜಲ್ಲಿ ಕ್ವಾರಿಯೊಂದರ ತೂಕದ ಕಟ್ಟೆಗೆ ಹೋದೆವು. ಅಂಕಲ್ ಒಳಗೆ ಕೂತಿದ್ದಂತೆಯೇ ಕಾರನ್ನು ಟ್ರೇಲರಿನಿಂದ ಕಟ್ಟೆಯ ಮೇಲೆ ಇಳಿಸಿದೆವು. ಹಿಂದೆ ಮುಂದೆ ಜಲ್ಲಿ ತುಂಬಿದ ದೈತ್ಯ ಟ್ರಕ್ಕುಗಳು, ನಡುವೆ ಸೊಂಟದೆತ್ತರದ ಈ ಕೆಂಪು ಕಾರು. ತೂಕ ನೋಡುವಾತ ಕಿಟಕಿಯಿಂದ ಇಣುಕಿ, ಕಟ್ಟೆಯ ಮೇಲೆ ಇನ್ನೂ ಏನೂ ಬಂದಿಲ್ಲವಲ್ಲ ಎಂದು ಕೇಳಿದ. ಅಂಕಲ್ ಎದ್ದು ನಿಂತು ಕೈಬೀಸಿದ ಮೇಲೆ ಅವನಿಗೆ ಕಾಣಿಸಿದ್ದು. ಹಿಂದಿನ ಟ್ರಕ್ಕಿನ ಡ್ರೈವರ್ ಇಳಿದು ಬಂದು ಫೋಟೋ ತೆಗೆದುಕೊಂಡ. ಆ ದಿನ ವಾಪಸ್ ಬರುವಾಗ ಎಲ್ಲವೂ ಸುಲಭ ಎನ್ನಿಸಿತ್ತು.

ಕಿಟ್ ಕಂಪನಿ ಕೊಟ್ಟ ಮೂಲಪತ್ರ, ರಸೀದಿಗಳು, ಹಂತಹಂತದ ಫೋಟೋಗಳು, ತೂಕದ ಚೀಟಿ ಎಲ್ಲವನ್ನೂ ಸೇರಿಸಿ ಕಳಿಸಿದೆ. ಕೆಲವು ವಾರಗಳ ನಂತರ ವಾಹನ ಇಲಾಖೆಯಿಂದ ಕರೆ ಬಂತು. ಮಾತಾಡಿದ ಅಧಿಕಾರಿ ಸೌಜನ್ಯದ ಹೆಂಗಸು. ಎಲ್ಲ ಸರಿಯಿದೆ, ಎಂಜಿನ್ ಒಂದು ಬಿಟ್ಟು, ಎಂದರು. ಆ ಎಂಜಿನ್ ಯಾವ ಕಾರಿನಿಂದ ಬಂತು, ಆ ಕಾರು ಯಾರದಾಗಿತ್ತು ಎನ್ನುವುದಕ್ಕೆ ಆಧಾರ ಬೇಕು. ಅಂಕಲ್ ಬಳಿಯಿದ್ದ ಗುಜರಿಯ ರಸೀದಿಯಲ್ಲಿ ಕೈಬರಹದಲ್ಲಿ ‘ಒಂದು ಎಂಜಿನ್’ ಎಂದಷ್ಟೇ ಇತ್ತು. ನಂಬರಿಲ್ಲ, ಕಾರಿನ ಹೆಸರೂ ಇಲ್ಲ.

ಗುಜರಿಯವರನ್ನು ಹುಡುಕಿಕೊಂಡು ಅಂಕಲ್ ಮತ್ತು ನಾನು ಹೋದೆವು. ಆ ಜಾಗದಲ್ಲಿ ಈಗ ಜನ ಮನೆಯ ಹೆಚ್ಚುವರಿ ಸಾಮಾನು ಇಟ್ಟುಕೊಳ್ಳುವ ಗೋದಾಮಿತ್ತು, ಸಾಲು ಸಾಲು ಕಿತ್ತಳೆ ಬಾಗಿಲುಗಳು. ಆಫೀಸಿನಲ್ಲಿದ್ದ ಯುವತಿಗೆ ಮೊದಲು ಅಲ್ಲಿ ಗುಜರಿಯಿತ್ತು ಎನ್ನುವುದೇ ಹೊಸ ಸುದ್ದಿ. ಅಂಕಲ್ ಪಾರ್ಕಿಂಗ್ ಲಾಟಿನಲ್ಲಿ ನಿಂತು, ಯಾವ ಮೂಲೆಯಲ್ಲಿ ಎಂಜಿನ್ನುಗಳ ರಾಶಿಯಿತ್ತು ಎಂದು ನನಗೆ ಬೆರಳು ತೋರಿಸಿದರು.

“ಎಂತ ಹೇಳುದು ಮಾರಾಯ್ತಿ,” ಎಂದರು. “ಎಂಜಿನ್ ಉಂಟು, ಲಾಯ್ಕ್ ಓಡ್ತದೆ. ಆದ್ರೆ ಪೇಪರಲ್ಲಿ ಅದು ಹುಟ್ಟಲೇ ಇಲ್ಲ.”

ಇಂಥ ಹೊತ್ತಿಗೆ ಕಾದಿರುವವರೂ ಇರುತ್ತಾರೆ. ಅಂಕಲ್‌ಗೆ ಪರಿಚಯದವರೊಬ್ಬರ ಮೂಲಕ ಒಬ್ಬ ಬ್ರೋಕರ್ ಸಿಕ್ಕ. ಬೇರೆ ಯಾವುದೋ ರಾಜ್ಯದಲ್ಲಿ ಈ ಕಾರನ್ನು ಹಳೇ ಕಾಲದ ಒಂದು ಕಾರೆಂದು ತೋರಿಸಿ ಟೈಟಲ್, ಅಂದರೆ ಮಾಲೀಕತ್ವದ ಪತ್ರ, ಮಾಡಿಸಿಕೊಡುತ್ತೇನೆ ಎಂದನಂತೆ. ಆ ಪತ್ರ ಇಟ್ಟುಕೊಂಡು ನ್ಯೂಜೆರ್ಸಿಯಲ್ಲಿ ಪ್ಲೇಟ್ ತೆಗೆದುಕೊಳ್ಳಿ, ಯಾರೂ ಬಾನೆಟ್ ಎತ್ತಿ ನೋಡುವುದಿಲ್ಲ, ಎಂದೂ ಸೇರಿಸಿದನಂತೆ. ಅಂಕಲ್ ಇದನ್ನು ನನಗೆ ಫೋನಿನಲ್ಲಿ ಹೇಳಲಿಲ್ಲ. ಮನೆಗೆ ಕರೆದು, ಅಡುಗೆಮನೆಯ ಮೇಜಿನ ಮುಂದೆ ಕೂರಿಸಿ, ಉಪ್ಪಿಟ್ಟು ತಿನ್ನಿಸಿ, ಆಮೇಲೆ ಹೇಳಿದರು.

ಅವರ ಮುಖ ನೋಡಿ ಬೇಡ ಎನ್ನುವುದು ಕಷ್ಟವಾಯಿತು. ಮೇ ತಿಂಗಳು ಮುಗಿಯುತ್ತ ಬಂದಿತ್ತು. ನನಗೂ ಆಸೆಯಿತ್ತು: ಈ ಕಾರು ರಸ್ತೆಗಿಳಿದರೆ ಇಂಥದೇ ಕೆಲಸ ಇನ್ನಷ್ಟು ಬರುತ್ತದೆ, ಇಳಿಯದಿದ್ದರೆ ಆ ಸುದ್ದಿಯೂ ಅಷ್ಟೇ ಬೇಗ ಹರಡುತ್ತದೆ. ಆದರೂ ಹೇಳಬೇಕಾದ್ದನ್ನು ಹೇಳಿದೆ. ಯಾರಾದರೂ ಬಂದು ಗುದ್ದಿದರೆ ಇನ್ಶೂರೆನ್ಸಿನವರು ಮೊದಲು ನೋಡುವುದೇ ಈ ಪತ್ರವನ್ನು. ಅದರಲ್ಲಿರುವುದು ಈ ಕಾರೇ ಅಲ್ಲ ಎಂದು ಗೊತ್ತಾದರೆ ನಿಮ್ಮ ಜೊತೆ ನಿಲ್ಲುವವರು ಯಾರೂ ಇರುವುದಿಲ್ಲ. ಅದಕ್ಕಿಂತ ಹೆಚ್ಚಾಗಿ, ನೀವು ಕೈಯಾರೆ ಕಟ್ಟಿದ ಕಾರನ್ನು ಇನ್ಯಾರೋ ಎಂದೋ ಕಟ್ಟಿದ್ದೆಂದು ಬರೆಸಿಕೊಳ್ಳುತ್ತೀರಾ? ಬ್ರೋಕರನ ದಾರಿ ಹಿಡಿದರೆ ನಾನು ಈ ಕೆಲಸದಲ್ಲಿರುವುದಿಲ್ಲ ಎಂದೂ ಸೇರಿಸಿದೆ. ಅಂಕಲ್ ಮೇಜಿನ ಮೇಲಿನ ಉಪ್ಪಿನ ಡಬ್ಬಿಯನ್ನು ಅತ್ತಿತ್ತ ಸರಿಸುತ್ತ ಕೂತರು. ಕೊನೆಗೆ, ಹಾಗಾದರೆ ಬಿಚ್ಚಿ ಮಾರುವುದೇ, ಎಂದರು.

ಸ್ಟೌವ್ ಮುಂದೆ ನಿಂತಿದ್ದ ಆಂಟಿ ತಿರುಗಿ ನನ್ನನ್ನು ಒಂದು ಪ್ರಶ್ನೆ ಕೇಳಿದರು. ಎಂಜಿನ್ನಿಗೆ ಕಾಗದ ಬೇಕು ಅಂದರೆ ಏನು ಕಾಗದ? ಅದು ಬಂದ ಕಾರಿನ ಟೈಟಲ್ ಸಾಕಾ? ಸಾಕು ಎಂದೆ. ಆಗ ಅವರು ಗ್ಯಾಸ್ ಆರಿಸಿದರು.

“ನನ್ ಕಾರಿಂದು ತಗೊಳ್ಳಿ,” ಎಂದರು. “ಅದೇ ಎಂಜಿನ್ ತಾನೆ?”

ಅಂಕಲ್ ತಲೆಯೆತ್ತಿ, “ಅದು ಬೇಡ. ಅದು ನಿನ್ನ ಕಾರು,” ಎಂದರು.

“ನನ್ನದು ಅಂತಾನೇ ಕೊಡ್ತಿರೋದು. ಬೇರೆಯವ್ರದಾಗಿದ್ರೆ ಕೊಡಕ್ಕಾಗ್ತಿತ್ತಾ? ಆದ್ರೆ ಈ ಕಾರಿನ ಟೈಟಲ್ ನನ್ ಹೆಸರಲ್ಲಿ ಬರ್ಬೇಕು. ಎಂಜಿನ್ ಯಾರ್ದೋ, ಗಾಡಿ ಅವ್ರದೇ.”

ಅಂಕಲ್ ತುಂಬ ಹೊತ್ತು ವಾದ ಮಾಡಿದರು. ಆ ಸೆಡಾನಿನಲ್ಲೇ ಆಂಟಿ ವರ್ಷಾನುಗಟ್ಟಲೆ ಆಸ್ಪತ್ರೆಯ ಕೆಲಸಕ್ಕೆ ಓಡಾಡಿದ್ದರು, ಹಿಮದಲ್ಲೂ ಅದು ಅವರನ್ನು ಕೈಬಿಟ್ಟಿರಲಿಲ್ಲ. ಆಂಟಿ ಎಲ್ಲಕ್ಕೂ ಒಂದೇ ಉತ್ತರ ಕೊಟ್ಟರು: ಎಂಜಿನ್ ಗಟ್ಟಿಯಿದೆ, ಆದರೆ ಚಳಿಗಾಲದ ಉಪ್ಪು ತಿಂದು ಅಡಿಯ ತಗಡೆಲ್ಲ ತುಕ್ಕು ಹಿಡಿದಿದೆ, ಮುಂದಿನ ವರ್ಷ ಅದು ಹೇಗೂ ಗುಜರಿಗೇ ಹೋಗುವುದು. ನಾನು ಹೊರಗೆ ಹೋಗಿ ಸೆಡಾನಿನ ಕೆಳಗೆ ಮಲಗಿ ನೋಡಿದೆ. ಆಂಟಿ ಹೇಳಿದ್ದು ನಿಜವಾಗಿತ್ತು. ಸ್ಕ್ರೂಡ್ರೈವರಿನಲ್ಲಿ ಒತ್ತಿದ ಕಡೆ ತಗಡು ಬಿಸ್ಕತ್ತಿನಂತೆ ಉದುರಿತು.

ಎದ್ದು ಬಂದಾಗ ಇಬ್ಬರೂ ನನ್ನ ಮುಖ ನೋಡುತ್ತಿದ್ದರು. ತೀರ್ಮಾನ ನನ್ನ ಮೇಲೆ ಬಂದಿತ್ತು. ಓಡುವ ಕಾರೊಂದನ್ನು ಬಿಚ್ಚಿ, ಇನ್ನೂ ರಸ್ತೆಯನ್ನೇ ಕಾಣದ ಕಾರಿಗೆ ಹಾಕಬೇಕು. ಮನೆ ಬಿಡುವುದರೊಳಗೆ ಮುಗಿಸಬೇಕು. ಮುಗಿಯದಿದ್ದರೆ ಅವರು ಎರಡೂ ಕಾರುಗಳನ್ನು ಕಳೆದುಕೊಂಡಂತೆ. ಒಂದು ವಿಷಯ ಮಾತ್ರ ನನಗೆ ಧೈರ್ಯ ಕೊಟ್ಟಿತು. ಸೆಡಾನಿನಿಂದ ಬರೀ ಎಂಜಿನ್ನಲ್ಲ, ಅದರ ಕಂಪ್ಯೂಟರು, ವೈರುಗಳು, ಹೊಗೆ ಶುದ್ಧ ಮಾಡುವ ಭಾಗ, ಎಲ್ಲವೂ ಒಂದೇ ಕುಟುಂಬವಾಗಿ ಬರುತ್ತವೆ. ಹೊಗೆ ಪರೀಕ್ಷೆಗೆ ಗುಜರಿ ಎಂಜಿನ್ನಿಗಿಂತ ಇದೇ ಮೇಲು. ಆಗುತ್ತದೆ ಎಂದೆ.

ಎರಡೂ ಕಾರುಗಳನ್ನು ಹಿಲ್ಸ್‌ಬರೋಗೆ ಸಾಗಿಸಿದೆವು. ಸೆಡಾನಿನ ವೈರುಗಳ ಕಂತೆ ಬಿಚ್ಚಿ ಬೆಂಚಿನ ಮೇಲೆ ಹರಡಿದಾಗ ಅದು ಬಲೆಯ ರಾಶಿಯಂತೆ ಕಂಡಿತು. ಮರುದಿನ ಆಂಟಿ ಓದುವ ಕನ್ನಡಕ, ಲೇಬಲ್ ಅಚ್ಚು ಮಾಡುವ ಸಣ್ಣ ಯಂತ್ರ ಹಿಡಿದು ಬಂದರು. ಲ್ಯಾಬಿನಲ್ಲಿ ಒಂದು ಸ್ಯಾಂಪಲ್ ಅದಲುಬದಲಾದರೆ ಏನಾಗುತ್ತದೆಂದು ಬಲ್ಲವರು. ಒಂದೊಂದು ತುದಿಗೂ ಎಲ್ಲಿಂದ ಎಲ್ಲಿಗೆ ಎಂದು ಅಂಟಿಸುತ್ತ ಹೋದರು. ಅಂಕಲ್ ಒಂದು ತುದಿಯನ್ನು ನೆನಪಿನ ಮೇಲೆ ಸಿಕ್ಕಿಸಲು ಹೋದಾಗ ಅವರ ಕೈಯಿಂದ ಅದನ್ನು ತೆಗೆದುಕೊಂಡು, ಮೊದಲು ಓದಿ ಎಂದರು. ಫ್ಲೋರಿಡಾ ಪ್ರವಾಸದ ತಮಾಷೆ ಮಾಡುತ್ತಿದ್ದವರು ಈಗ ನನಗಿಂತ ಮುಂಚೆ ಬಂದು ಶೆಡ್ಡಿನ ಬಾಗಿಲಲ್ಲಿ ಕಾದಿರುತ್ತಿದ್ದರು.

ಹೊಸ ಜಾಗದಲ್ಲಿ ಕೂತ ಸೆಡಾನಿನ ಎಂಜಿನ್ ಮೊದಲ ಸಲಕ್ಕೇ ಸ್ಟಾರ್ಟ್ ಆಯಿತು. ನಾವು ಮೂವರೂ ಕೈ ಒರೆಸಿಕೊಂಡು ಪರಸ್ಪರ ನೋಡುತ್ತಿರುವಾಗಲೇ ಡ್ಯಾಶ್‌ಬೋರ್ಡಿನಲ್ಲಿ, ಎಂಜಿನ್ನಿನಲ್ಲಿ ದೋಷವಿದೆ ಎನ್ನುವ ಹಳದಿ ದೀಪವೂ ಹೊತ್ತಿಕೊಂಡಿತು. ಆ ದೀಪ ಉರಿಯುತ್ತಿದ್ದರೆ ಇನ್‌ಸ್ಪೆಕ್ಷನ್ ಪಾಸಾಗುವುದಿಲ್ಲ. ಸ್ಕ್ಯಾನರ್ ಹಚ್ಚಿ ನೋಡಿದರೆ ಕಂಪ್ಯೂಟರು ತನ್ನ ಹಳೇ ಪೆಟ್ರೋಲ್ ಟ್ಯಾಂಕನ್ನು ಹುಡುಕುತ್ತಿತ್ತು. ಸೆಡಾನಿನ ಟ್ಯಾಂಕಿನಲ್ಲಿ ಪೆಟ್ರೋಲಿನ ಆವಿ ಹೊರಗೆ ಹೋಗದಂತೆ ಹಿಡಿಯುವ ಇದ್ದಿಲ ಡಬ್ಬಿ, ಒತ್ತಡ ಅಳೆಯುವ ಸೆನ್ಸರು ಇದ್ದವು. ಕಿಟ್ಟಿನ ಟ್ಯಾಂಕು ಬರೀ ಅಲ್ಯುಮಿನಿಯಂ ಪೆಟ್ಟಿಗೆ. ದೀಪದ ಬಲ್ಬನ್ನೇ ಕಿತ್ತುಹಾಕುವವರಿದ್ದಾರೆ. ಪರೀಕ್ಷೆಯ ಯಂತ್ರ ಕಂಪ್ಯೂಟರನ್ನು ಕೇಳುತ್ತದೆಯೇ ಹೊರತು ಬಲ್ಬನ್ನಲ್ಲ. ಸೆಡಾನಿನ ಹಿಂಭಾಗಕ್ಕೆ ವಾಪಸ್ ಹೋಗಿ ಡಬ್ಬಿ, ಸೆನ್ಸರು, ಕೊಳವೆಗಳನ್ನು ಬಿಡಿಸಿ ತಂದೆವು. ಅಂಕಲ್ ಟ್ಯಾಂಕಿಗೆ ಹೊಸ ಮೂತಿ ಬೆಸೆದರು. ಆಮೇಲೆ ಹಳದಿ ದೀಪ ಮತ್ತೆ ಕಾಣಿಸಲಿಲ್ಲ. ಇಂಥ ಚಿಕ್ಕ ಜಯಕ್ಕೆ ಆಂಟಿ ಎಲ್ಲರಿಗೂ ಐಸ್‌ಕ್ರೀಮ್ ಕೊಡಿಸಿದರು.

ಇನ್‌ಸ್ಪೆಕ್ಷನ್ನಿಗೆ ಕರೆ ಬಂದಾಗ ಆಗಸ್ಟ್. ಮನೆಯ ತುಂಬ ರಟ್ಟಿನ ಪೆಟ್ಟಿಗೆಗಳು. ಪ್ಲೇಟಿಲ್ಲದ ಕಾರನ್ನು ಓಡಿಸಿಕೊಂಡು ಹೋಗುವಂತಿಲ್ಲ, ಹಾಗಾಗಿ ಮತ್ತೆ ಟ್ರೇಲರು. ಇನ್‌ಸ್ಪೆಕ್ಟರ್ ಮಿತಭಾಷಿ. ಚೌಕಟ್ಟಿನ ಮೇಲೆ ಕೆತ್ತಿದ ನಂಬರನ್ನು ಕನ್ನಡಿ ಹಿಡಿದು ಓದಿದರು, ಎಂಜಿನ್ ನಂಬರನ್ನು ಸೆಡಾನಿನ ಪತ್ರದ ಜೊತೆ ತಾಳೆ ನೋಡಿದರು. ದೀಪ, ಹಾರ್ನು, ಬೆಲ್ಟು, ಹೊಗೆ ಎಲ್ಲವೂ ದಾಟಿದವು. ಕೊನೆಗೆ ಕಾರನ್ನು ಸ್ವಲ್ಪ ಇಳಿಜಾರಿನಲ್ಲಿ ನಿಲ್ಲಿಸಿ ಹ್ಯಾಂಡ್‌ಬ್ರೇಕ್ ಎಳೆಯಲು ಹೇಳಿ, ಹಿಂದಿನಿಂದ ಕೈಯಿಟ್ಟು ತಳ್ಳಿದರು. ಕಾರು ಸಾವಕಾಶವಾಗಿ ಮುಂದೆ ಹೊರಟಿತು.

ಅವರು ಬೈಯಲಿಲ್ಲ. ಸರಿ ಮಾಡಿಕೊಂಡು ಬನ್ನಿ, ಇನ್ನೊಂದು ದಿನ ಕೊಡುತ್ತೇನೆ ಎಂದರು. ಬ್ರೇಕು ನನ್ನ ವಿದ್ಯೆ. ಅಲ್ಲೇ ನೆಲ ಬಾಯಿ ಬಿಡಬಾರದೇ ಅನ್ನಿಸಿತು. ವಾಪಸ್ ಬರುವಾಗ ಅಂಕಲ್ ನನ್ನನ್ನೇ ಸಮಾಧಾನ ಮಾಡಿದರು. ತಮ್ಮ ಕಾಲದಲ್ಲಿ ಇಡೀ ಫೆರ್ರಿಯೇ ಹಗ್ಗ ಬಿಟ್ಟುಕೊಂಡು ನದಿಗೆ ಹೊರಟ ಕಥೆ ಹೇಳಿದರು. ಶೆಡ್ಡಿಗೆ ಬಂದು ಆಂಟಿಯನ್ನು ಸೀಟಿನಲ್ಲಿ ಕೂರಿಸಿ ಬ್ರೇಕ್ ಎಳೆಯಲು ಹೇಳಿ, ನಾನು ಕೆಳಗೆ ಮಲಗಿ ಟಾರ್ಚ್ ಹಿಡಿದು ನೋಡಿದೆ. ಕೇಬಲ್ ಸರಿಯಾಗಿತ್ತು, ಚಕ್ರವನ್ನು ಒತ್ತಿ ಹಿಡಿಯುವ ಬ್ರೇಕ್ ಶೂಗಳೂ ಸರಿಯಾಗಿದ್ದವು. ಆದರೆ ಕೇಬಲ್ಲಿನ ಹೊರಕವಚವನ್ನು ಹಿಡಿದಿದ್ದದ್ದು ತೆಳು ಅಲ್ಯುಮಿನಿಯಂ ತಗಡು. ಆಂಟಿ ಎಳೆದಾಗಲೆಲ್ಲ ತಗಡು ಬಾಗುತ್ತಿತ್ತು. ಅವರ ಬಲವೆಲ್ಲ ಅಲ್ಲೇ ಖರ್ಚಾಗಿ ಚಕ್ರಕ್ಕೆ ತಲುಪುತ್ತಿರಲಿಲ್ಲ. ಶೆಡ್ಡಿನ ನೆಲ ಸಪಾಟು. ಅಲ್ಲಿ ಅಷ್ಟರಿಂದಲೇ ಕಾರು ನಿಲ್ಲುತ್ತಿತ್ತು. ದಪ್ಪ ಉಕ್ಕಿನ ಪಟ್ಟಿಯೊಂದನ್ನು ಬಾಗಿಸಿ, ಚೌಕಟ್ಟಿನ ಕೊಳವೆಗೇ ಬೋಲ್ಟ್ ಹಾಕಿ ಕೂರಿಸಿದೆ. ಆಮೇಲೆ ಶೆಡ್ಡಿನ ಮುಂದಿನ ಏರು ರಸ್ತೆಗೆ ಟ್ರೇಲರನ್ನು ಒಯ್ದು, ಕಾರನ್ನು ಅದರ ಮೇಲೇ ಪಟ್ಟಿ ಸಡಿಲಿಸಿ ನಿಲ್ಲಿಸಿ, ಮೂವರೂ ಸೇರಿ ತಳ್ಳಿದೆವು. ಅದು ಅಲ್ಲಾಡಲಿಲ್ಲ.

ಎರಡನೆಯ ಸಲ ಅದೇ ಇನ್‌ಸ್ಪೆಕ್ಟರ್ ಸಿಕ್ಕರು. ಈ ಸಲ ಬೆನ್ನು ಕೊಟ್ಟು ತಳ್ಳಿದರು. ಕಾರು ನಿಂತಲ್ಲೇ ನಿಂತಿತ್ತು. ಕಟ್ಟಿದವರು ಯಾರು ಎಂದು ಕೇಳಿದರು. ಅಂಕಲ್ ಆಂಟಿಯ ಕಡೆ ಕೈ ತೋರಿಸಿದರು, ಆಂಟಿ ಅಂಕಲ್ ಕಡೆ. ಇನ್‌ಸ್ಪೆಕ್ಟರ್ ನಗದೆಯೇ ಇಬ್ಬರಿಗೂ ಅಭಿನಂದನೆ ಹೇಳಿ ಸಹಿ ಹಾಕಿದರು.

ಟೈಟಲ್ ಅಂಚೆಯಲ್ಲಿ ಬಂದಾಗ ಮನೆ ಬಿಡಲು ಒಂದು ವಾರವೂ ಉಳಿದಿರಲಿಲ್ಲ. ಅದರಲ್ಲಿ ಆಂಟಿಯ ಹೆಸರಿತ್ತು. ತಯಾರಕರ ಜಾಗದಲ್ಲಿ ಯಾವ ಕಂಪನಿಯೂ ಇರಲಿಲ್ಲ, ಜೋಡಿಸಿದ ವಾಹನ ಎಂದಷ್ಟೇ ಇತ್ತು. ಅಂಕಲ್ ಅದನ್ನು ಬೆಳಕಿಗೆ ಹಿಡಿದು ಓದಿ ಆಂಟಿಯ ಕೈಗೆ ಕೊಟ್ಟರು. ಪ್ಲೇಟನ್ನು ಕೂರಿಸುವಾಗ ಆ ನಾಲ್ಕು ಚಿಕ್ಕ ಸ್ಕ್ರೂಗಳಿಗೂ ತಂತಿ ಬಿಗಿಯಬೇಕೆಂದು ಹಟ ಹಿಡಿದರು. ಬಿಗಿಯಲು ಬಿಟ್ಟೆವು.

ಹೊಸ ಮನೆಗೆ ಹೊರಟ ದಿನ ಆಂಟಿಯೇ ಡ್ರೈವ್ ಮಾಡಿದರು. ಅಂಕಲ್ ಪಕ್ಕದ ಸೀಟಿನಲ್ಲಿ, ಮಡಿಲಲ್ಲಿ ಕಾಗದಗಳ ಚೀಲ. ಏನಾದರೂ ಕಳಚಿ ಬಿದ್ದರೆ ಎತ್ತಿಕೊಳ್ಳಲು ನಾನು ನನ್ನ ಪಿಕಪ್ಪಿನಲ್ಲಿ ಹಿಂದೆ. ಊರು ದಾಟಿ ಜೋಳದ ಹೊಲಗಳ ನಡುವಿನ ರಸ್ತೆಗೆ ಬಂದಾಗ, ನನ್ನ ಹಿಂದೆ ಬರುತ್ತಿದ್ದ ಪೊಲೀಸ್ ಕಾರೊಂದು ನನ್ನನ್ನು ದಾಟಿ ಹೋಗಿ ಅವರ ಬೆನ್ನಿಗೆ ಬಿದ್ದು, ಕೆಂಪು ನೀಲಿ ದೀಪ ಹಾಕಿತು. ಹಿಂದೆಯೇ ನಿಲ್ಲಿಸಿ, ಕಿಟಕಿ ಇಳಿಸಿ ಕಿವಿಗೊಟ್ಟೆ.

ಯುವ ಪೊಲೀಸ್ ಅಧಿಕಾರಿ ಬಾಗಿ, ತುಂಬ ಬಾಗಿ, ಆಂಟಿಯ ಜೊತೆ ಮಾತಾಡಿದ. ನಿಮ್ಮ ಎಡಗಡೆ ಇಂಡಿಕೇಟರ್ ಎರಡು ಮೈಲಿಯಿಂದ ಮಿನುಗುತ್ತಲೇ ಇದೆ, ಅಷ್ಟೇ ಹೇಳಲು ನಿಲ್ಲಿಸಿದೆ, ಎಂದ. ಆ ಕಾರಿನಲ್ಲಿ ಅದು ತಾನಾಗಿ ಆರುವುದಿಲ್ಲ, ಕೈಯಲ್ಲೇ ಆರಿಸಬೇಕು. ಆಂಟಿ ಥ್ಯಾಂಕ್ಸ್ ಹೇಳಿ ಸ್ವಿಚ್ ಒತ್ತಿದರು. ಆತ ಹೊರಡಲು ತಿರುಗಿದ.

ಅಷ್ಟರಲ್ಲಿ ಅಂಕಲ್ ಚೀಲ ಬಿಚ್ಚಿ ಎಲ್ಲವನ್ನೂ ಹೊರಗೆ ತೆಗೆದಾಗಿತ್ತು. ಬೇಡ ಸರ್, ಅದೇನೂ ಬೇಕಿಲ್ಲ ಎಂದು ಆತ ಹೇಳಿದ. ಅಂಕಲ್ ಮತ್ತೂ ಮುಂದಕ್ಕೆ ಚಾಚಿದರು. ಕೊನೆಗೆ ಆತ ಟೊಪ್ಪಿ ತೆಗೆದು ಕಂಕುಳಲ್ಲಿಟ್ಟು, ನೋಂದಣಿ ಪತ್ರ, ಇನ್ಶೂರೆನ್ಸು, ತೂಕದ ಚೀಟಿ ಎಲ್ಲವನ್ನೂ ಒಂದೊಂದಾಗಿ ಕೈಗೆ ತೆಗೆದುಕೊಂಡು ಗಂಭೀರವಾಗಿ ಓದಿದ. ಮಾಲೀಕರು ಯಾರು ಎಂದು ಕೇಳಿದ.

“ಇವ್ರು,” ಎಂದು ಅಂಕಲ್ ಆಂಟಿಯ ಕಡೆ ಕೈ ತೋರಿಸಿ ಕನ್ನಡದಲ್ಲೇ ಹೇಳಿದರು. ಅಷ್ಟೊತ್ತಿಗೆ ಆಂಟಿ ಕ್ಲಚ್ ಒತ್ತಿ ಗೇರ್ ಹಾಕಿ ಕಾದಿದ್ದರು.